ದೋಣಿಯ ಹೊಟ್ಟೆಗೆ ನೀರು ಬಾರದಿರಲಿ

ಮಳೆಗಾಲ ಹತ್ತಿರವಾಯಿತೆಂದರೆ ನಮ್ಮ ಕಡೆ ಮಾಡಿನ ಹಂಚು ನೋಡುತ್ತೇವೆ. ಒಡೆದದ್ದನ್ನು ತೆಗೆದು ಬೇರೆ ಇಡುತ್ತೇವೆ. ತೋಡಿನ ಕಸ ಎತ್ತುತ್ತೇವೆ, ಸೌದೆಯನ್ನು ಒಳಗೆ ಸೇರಿಸುತ್ತೇವೆ, ಕೊಡೆಯ ಕಡ್ಡಿ ಮುರಿದಿದ್ದರೆ ಹಾಕಿಸುತ್ತೇವೆ. ಹೊಳೆಯ ಬದಿಯ ಮನೆಗಳಲ್ಲಿ ಇನ್ನೊಂದು ವಸ್ತುವೂ ಇರುತ್ತದೆ: ದೋಣಿ. ಅದರ ತಳವನ್ನು ಮಗುಚಿ ನೋಡುವವರು ಎಷ್ಟು ಮಂದಿ? ಈ ಪ್ರಶ್ನೆ ನಮಗೆ ಹುಟ್ಟಿದ್ದು ನಮ್ಮೂರಿನಲ್ಲಲ್ಲ, ಇಲ್ಲಿಂದ ಬಹುದೂರದ ಕೃಷ್ಣಾ ನದಿಯ ದಂಡೆಯಲ್ಲಿ. ಅದಕ್ಕೆ ಉತ್ತರ ಸಿಕ್ಕಿದ್ದು ಒಂದು ಆಟದ ಯಂತ್ರದಿಂದ.

ಕಸಬೆ ಡಿಗ್ರಜದಲ್ಲಿ

ಮಹಾರಾಷ್ಟ್ರದ ಮಿರಜಿನಲ್ಲಿ ನಮ್ಮ ಬಂಧುಗಳ ಮನೆಯೊಂದಿದೆ. ಗಡಿಯಾಚೆ ಉಳಿದ ಕನ್ನಡಿಗರ ಕಷ್ಟಸುಖ ನಮ್ಮಂತೆಯೇ ಅವರಿಗೂ ಗೊತ್ತು. ಒಮ್ಮೆ ಬೇಸಗೆಯ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ, ಸಾಂಗಲಿಗೆ ಸಮೀಪದ ಕಸಬೆ ಡಿಗ್ರಜ ಎಂಬ ಊರನ್ನು ನೋಡಿ ಬಂದೆವು. ಕಬ್ಬು ಮತ್ತು ಅರಿಸಿನದ ಊರು. ಅರಿಸಿನ ಬೆಳೆಯ ಕೃಷಿ ಸಂಶೋಧನಾ ಕೇಂದ್ರವೂ ಅಲ್ಲಿದೆ. ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಈ ಊರ ಪಕ್ಕದಲ್ಲಿ ಹಾದು ಸಾಂಗಲಿಗೆ ಹೋಗುತ್ತಾಳೆ. ಹರಿಪುರದಲ್ಲಿ ವಾರಣಾ ನದಿಯನ್ನೂ ನರಸೋಬಾ ವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ಬೆಳಗಾವಿ ಜಿಲ್ಲೆಗೆ ಬಂದು ನಮ್ಮ ಕನ್ನಡ ನಾಡಿಗೆ ನೀರುಣಿಸುತ್ತಾಳೆ.

ಬೇಸಗೆಯಲ್ಲಿ ಕಂಡರೆ ಈ ನದಿ ಯಾರಿಗೂ ಕೇಡು ಮಾಡುವಂಥದ್ದಲ್ಲ ಎನಿಸುತ್ತದೆ. ಆದರೆ ಸಾಂಗಲಿಯಲ್ಲಿ 1929ರಲ್ಲಿ ಕಟ್ಟಿದ ಐರ್ವಿನ್ ಸೇತುವೆಯ ಬಳಿ ನೀರಿನ ಅಪಾಯದ ಮಟ್ಟ 45 ಅಡಿ ಎಂದು ಗುರುತಿದೆ. 2019ರ ಆಗಸ್ಟಿನಲ್ಲಿ ನೀರು 57 ಅಡಿಯನ್ನೂ ದಾಟಿತು. ಅದಕ್ಕೆ ಮುಂಚೆ 2005ರಲ್ಲಿ ದೊಡ್ಡ ನೆರೆ ಬಂದಿತ್ತು. ಹರಿಪುರದಲ್ಲಿ ಅರಿಸಿನವನ್ನು ನೆಲದೊಳಗಿನ ಹಗೇವುಗಳಲ್ಲಿ ಇಡುವ ಹಳೆಯ ಪದ್ಧತಿಯಿತ್ತು. ಆ ವರ್ಷ ಹಗೇವುಗಳಿಗೆ ನೀರು ನುಗ್ಗಿ ಬಹಳಷ್ಟು ಹಾಳಾದವು. ತಿರುಗಿ 2021ರಲ್ಲಿಯೂ ನೆರೆ ಬಂತು.

ಡಿಗ್ರಜದ ದಂಡೆಯಲ್ಲಿ ಒಬ್ಬ ಮುದುಕರು ಮರದ ದೋಣಿಯೊಂದನ್ನು ಮಗುಚಿ ಹಾಕಿ, ಹಲಗೆಗಳ ಸಂದಿಗೆ ಹತ್ತಿಯ ಎಳೆ ತುರುಕುತ್ತ ಕೂತಿದ್ದರು. ಪಕ್ಕದಲ್ಲಿ ಡಾಂಬರಿನ ಡಬ್ಬಿ. ಮರಾಠಿಯೂ ಕನ್ನಡವೂ ಬೆರೆತ ಮಾತಿನಲ್ಲಿ ಅವರು ಹೇಳಿದ ಸಂಗತಿ ಇದು: “ಮಾಸ್ತರರೆ, ದೋಣಿ ನೀರಾಗಿದ್ರ ಕೆಡೂದಿಲ್ಲ, ದಂಡಿ ಮ್ಯಾಲೆ ಬಿದ್ರ ಕೆಡ್ತದ.”

ನೀರಿನಲ್ಲಿರುವ ಮರ ನೀರು ಕುಡಿದು ಉಬ್ಬುತ್ತದೆ, ಹಲಗೆ ಹಲಗೆಯನ್ನು ಒತ್ತಿಕೊಂಡು ಸಂದಿ ತಾನಾಗಿ ಮುಚ್ಚುತ್ತದೆ. ಬಿಸಿಲಿಗೆ ಎಂಟು ತಿಂಗಳು ಬಿದ್ದ ದೋಣಿ ಒಣಗಿ ಕುಗ್ಗಿ, ಬೆರಳು ತೂರದಿದ್ದರೂ ನೀರು ತೂರುವಷ್ಟು ಬಿರುಕು ಬಿಡುತ್ತದೆ. ನೆರೆಯ ದಿನ ಅದನ್ನು ಎಳೆದು ತಂದು ನೀರಿಗಿಳಿಸಿ ಜನರನ್ನು ಹತ್ತಿಸಿದರೆ ಏನಾಗಬಹುದು? ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಆ ಸೀಮೆಯಲ್ಲಿ ದೋಣಿ ಸಿಗದಾಗ ಬೆಲ್ಲ ಕುದಿಸುವ ದೊಡ್ಡ ಕೊಪ್ಪರಿಗೆಯನ್ನೇ ನೀರಿಗಿಳಿಸುವುದುಂಟು. ‘ಕಾಹಿಲ’ ಎನ್ನುತ್ತಾರೆ. ಅದರಲ್ಲಿ ಸಂದಿಯ ಭಯ ಕಡಿಮೆ, ತಳದಿಂದ ನೀರು ಬರುವುದು ಅಪರೂಪ. ಆದರೆ ಒಂದು ತೆರೆ ಅಂಚನ್ನು ದಾಟಿ ಒಳಗೆ ತುಂಬಿತೋ, ಕಬ್ಬಿಣದ ಪಾತ್ರೆ ಕಲ್ಲಿನಂತೆ ತಳ ಸೇರುತ್ತದೆ. ಅದನ್ನು ತೇಲಿಸುವುದು ಒಳಗಿನ ಗಾಳಿ ಮಾತ್ರ. ಹಾಗಾದರೆ ದೋಣಿಯೊಂದಕ್ಕೆ ಎರಡು ಗುಣ ಬೇಕಾಯಿತು: ನೀರು ಒಳಗೆ ಬಾರದಿರುವುದು, ಬಂದರೂ ಮುಳುಗದಿರುವುದು.

ಹಳೆಯ ವಿದ್ಯಾರ್ಥಿಯ ಪಾಠ

ಊರಿಗೆ ಮರಳಿದ ಮೇಲೆ ಈ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆವು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಗಲ್ಫಿಗೆ ಹೋದ ಹುಡುಗ. ಅಲ್ಲಿ ಕಡಲ ಬದಿಯ ಗ್ಯಾರೇಜಿನಲ್ಲಿ ಜೆಟ್ ಸ್ಕೀ ರಿಪೇರಿ ಮಾಡುತ್ತಾನೆ. ಆತ ನಕ್ಕು, “ಸರ್, ನಮ್ಮದೂ ಅದೇ ಕೆಲಸ. ದಿನವಿಡೀ ಹೊಟ್ಟೆಗೆ ಹೋದ ನೀರನ್ನು ಹುಡುಕುವುದು” ಎಂದ.

ಪಣಂಬೂರು, ಮಲ್ಪೆಯ ಕಡಲ ತೀರಕ್ಕೆ ಹೋದವರು ನೀರಿನ ಮೇಲೆ ಮೋಟಾರ್ ಸೈಕಲ್ಲಿನಂತೆ ಓಡುವ ಯಂತ್ರವನ್ನು ಕಂಡಿರಬಹುದು. ಅದು ಕುಳಿತು ಓಡಿಸುವ ಜಾತಿ. ಇದಕ್ಕಿಂತ ಮೊದಲು ಜನಪ್ರಿಯವಾದದ್ದು ನಿಂತು ಓಡಿಸುವ ಜಾತಿ. ಅಮೆರಿಕದ ಕ್ಲೇಟನ್ ಜೇಕಬ್ಸನ್ ಎಂಬವರ ಕಲ್ಪನೆಯನ್ನು ಜಪಾನಿನ ಕವಾಸಾಕಿ ಕಂಪೆನಿ 1970ರ ದಶಕದ ಮೊದಲ ವರ್ಷಗಳಲ್ಲಿ ಮಾರುಕಟ್ಟೆಗೆ ತಂದಿತು. ಜೆಟ್ ಸ್ಕೀ ಎಂಬುದು ಆ ಕಂಪೆನಿಯ ಹೆಸರಾದರೂ ಈಗ ಜನರ ಬಾಯಲ್ಲಿ ಎಲ್ಲ ಯಂತ್ರಗಳಿಗೂ ಅದೇ ಹೆಸರು.

ನಿಂತು ಓಡಿಸುವ ಯಂತ್ರಕ್ಕೆ ಆಸನವಿಲ್ಲ. ಹಿಂಭಾಗದ ತಟ್ಟೆಯಲ್ಲಿ ಸವಾರ ನಿಲ್ಲಬೇಕು. ಮೂತಿಯ ಬಳಿಯಿಂದ ಮೇಲೇಳುವ ಒಂದು ಕಂಬದ ತುದಿಯಲ್ಲಿ ಹಿಡಿಕೆ. ಎಂಜಿನು ಮುಂದಿನ ಮುಚ್ಚಳದ ಕೆಳಗೆ, ಫೈಬರಿನ ಹೊಟ್ಟೆಯಲ್ಲಿ ಕುಳಿತಿರುತ್ತದೆ. ಕಲಿಯುವವರು ಗಂಟೆಗೆ ಹತ್ತು ಸಲ ಬೀಳುತ್ತಾರೆ, ಯಂತ್ರ ಮಗುಚುತ್ತದೆ, ಮೂತಿ ತೆರೆಯೊಳಗೆ ನುಗ್ಗುತ್ತದೆ. ಪುನಃಪುನಃ ನೀರಿನಲ್ಲಿ ಮುಳುಗೇಳುವ ದೋಣಿ ಇದು. ಇಂಥದರ ಹೊಟ್ಟೆಯನ್ನು ಒಣಗಿಸಿಡಲು ಬಲ್ಲವನು ಯಾವ ದೋಣಿಯನ್ನಾದರೂ ಕಾಪಾಡಬಲ್ಲ.

ಪೂರ್ತಿ ಮುಚ್ಚಿಬಿಟ್ಟರಾಗದೇ ಎಂದು ಕೇಳಿದೆವು. ಆಗದು. ಎಂಜಿನಿಗೆ ಉಸಿರು ಬೇಕು. ಗಾಳಿ ಹೋಗುವ ದಾರಿ ಇರಲೇಬೇಕು, ಅದೇ ದಾರಿಯಲ್ಲಿ ನೀರೂ ಹೋಗುತ್ತದೆ. ಆದ್ದರಿಂದ ಗಾಳಿಯ ಬಾಯನ್ನು ಎತ್ತರದಲ್ಲಿಟ್ಟು, ಕೊಳವೆಯನ್ನು ಬಾಗಿಸಿ, ನೀರು ತಟಕ್ಕನೆ ಎಂಜಿನಿಗೆ ಹೋಗದಂತೆ ಮಾಡಿರುತ್ತಾರೆ. ಒಂದು ಹನಿಯೂ ಬರಬಾರದು ಎಂಬುದು ಈ ವಿದ್ಯೆಯ ಗುರಿಯಲ್ಲ. ಬಂದದ್ದು ನಿಲ್ಲಬಾರದು ಎಂಬುದೇ ಗುರಿ.

ನೀರು ಬರುವ ದಾರಿಗಳು

ಹುಡುಗ ಬೆರಳು ಮಡಿಸಿ ಎಣಿಸಿದ. ಮೊದಲನೆಯದು ಮುಚ್ಚಳದ ಸುತ್ತಲಿನ ರಬ್ಬರ್ ಪಟ್ಟಿ. ಬಿಸಿಲಿಗೆ ಅದು ಗಟ್ಟಿಯಾಗುತ್ತದೆ, ಮರಳಿನ ಕಣವೊಂದು ನಡುವೆ ಕೂತರೂ ಸಾಕು, ನೀರಿಗೆ ಬಾಗಿಲು ತೆರೆದಂತೆ. ಕೊಂಡಿ ಸಡಿಲವಾದರೂ ಹಾಗೆಯೇ.

ಎರಡನೆಯದು ಎಂಜಿನಿನಿಂದ ಹಿಂದಿನ ಪಂಪಿಗೆ ಹೋಗುವ ಉಕ್ಕಿನ ದಂಡ. ಈ ಯಂತ್ರಕ್ಕೆ ಹೊರಗೆ ತಿರುಗುವ ರೆಕ್ಕೆಯಿಲ್ಲ. ತಳದಿಂದ ನೀರನ್ನು ಹೀರಿ ಹಿಂದಕ್ಕೆ ಎಸೆಯುವ ಪಂಪೇ ಅದನ್ನು ಮುಂದೆ ತಳ್ಳುತ್ತದೆ. ದಂಡ ತಿರುಗುತ್ತಿರಬೇಕು, ಅದರ ಸುತ್ತ ನೀರು ನುಸುಳಬಾರದು. ಅಲ್ಲಿ ಬೇರಿಂಗು, ರಬ್ಬರಿನ ಸೀಲು, ಗ್ರೀಸು ಇರುತ್ತವೆ. ಗ್ರೀಸು ಒಣಗಿ ಸೀಲು ಸವೆದರೆ ನೀರು ಜಿನುಗುತ್ತದೆ.

ಮೂರನೆಯದು ಬಹಳ ಜನರಿಗೆ ಹೊಳೆಯದ ದಾರಿ. ಎಂಜಿನನ್ನು ತಣಿಸಲು ಪಂಪಿನಿಂದಲೇ ಒಂದು ಪಾಲು ನೀರು ರಬ್ಬರ್ ಕೊಳವೆಯಲ್ಲಿ ಒಳಗೆ ಬರುತ್ತದೆ. ಆ ಕೊಳವೆಯ ಕ್ಲಾಂಪು ಸಡಿಲವಾದರೆ ಯಂತ್ರ ತನ್ನ ಹೊಟ್ಟೆಗೆ ತಾನೇ ನೀರು ಹೊಡೆದುಕೊಳ್ಳುತ್ತದೆ. ಹೊರಗಿನಿಂದ ಎಷ್ಟು ಪರೀಕ್ಷಿಸಿದರೂ ತೂತು ಕಾಣದು, ನಿಂತ ನೀರಿನಲ್ಲಿ ಇಟ್ಟರೆ ಸೋರದು. ಓಡಿದಾಗ ಮಾತ್ರ ತುಂಬುತ್ತದೆ. ಹೊಗೆ ಹೋಗುವ ಕೊಳವೆಯ ಕೀಲುಗಳದ್ದೂ ಇದೇ ಕಥೆ.

ನಾಲ್ಕನೆಯದು ಹಿಡಿಕೆಯ ತಂತಿಗಳು ಹೊಟ್ಟೆಯನ್ನು ಹೊಗುವ ರಂಧ್ರ, ತಳದಲ್ಲಿ ಪಂಪನ್ನು ಬಿಗಿದ ಬೋಲ್ಟುಗಳು, ಮೇಲಿನ ಕೆಳಗಿನ ಎರಡು ಫೈಬರ್ ಚಿಪ್ಪುಗಳನ್ನು ಅಂಟಿಸಿದ ಜೋಡಣೆ.

ಐದನೆಯದನ್ನು ಹೇಳುವಾಗ ಅವನಿಗೆ ನಗು. ಹಲವು ಯಂತ್ರಗಳ ಹಿಂಭಾಗದಲ್ಲಿ ನೀರು ಬಸಿಯಲು ಒಂದು ಬಿರಡೆಯಿರುತ್ತದೆ. ಅದನ್ನು ಹಾಕಲು ಮರೆತು ನೀರಿಗಿಳಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರಂತೆ!

ಮರೆತ ಬಿರಡೆಯ ಲೆಕ್ಕವನ್ನು ನಾವು ಕರಿಹಲಗೆಯ ಮೇಲೆ ಹಾಕಿ ಮಕ್ಕಳಿಗೂ ತೋರಿಸಿದೆವು. ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗೆ, ಒಂದು ಅಂಗುಲ ಅಗಲದ ತೂತಿದ್ದರೆ ನಿಮಿಷಕ್ಕೆ ಸುಮಾರು 40 ಲೀಟರ್ ನೀರು ಒಳಗೆ ಬರುತ್ತದೆ. ಐದು ನಿಮಿಷಕ್ಕೆ 200 ಲೀಟರ್, ಎಂದರೆ 200 ಕಿಲೋ, ಮೂವರು ದೊಡ್ಡವರ ತೂಕ. ತೂತಿನ ಅಗಲ ಎರಡರಷ್ಟಾದರೆ ನೀರು ನಾಲ್ಕರಷ್ಟು.

ಅಷ್ಟೇ ತೂಕದ ಕಲ್ಲನ್ನಿಟ್ಟರೆ ಕಲ್ಲು ಇಟ್ಟಲ್ಲೇ ಇರುತ್ತದೆ. ನೀರು ಹಾಗಲ್ಲ. ದೋಣಿ ಎತ್ತ ವಾಲಿದರೆ ಅತ್ತ ಹರಿದು ಇನ್ನಷ್ಟು ವಾಲಿಸುತ್ತದೆ. ಹೊಟ್ಟೆಯಲ್ಲಿ ನೀರು ಹೊತ್ತ ದೋಣಿ ಮುಳುಗುವುದಕ್ಕೆ ಮೊದಲು ಮಗುಚುವುದು ಈ ಕಾರಣದಿಂದ.

ಹೊರಹಾಕುವ ಉಪಾಯ

ಬಂದ ನೀರನ್ನು ತೆಗೆಯಲು ಈ ಯಂತ್ರದಲ್ಲಿರುವ ಉಪಾಯ ಬಹಳ ಸೊಗಸಾದುದು. ಪಂಪಿನಿಂದ ನೀರು ವೇಗವಾಗಿ ಹೋಗುವ ಕಡೆ ಒತ್ತಡ ಕಡಿಮೆಯಾಗುತ್ತದೆ. ಅಲ್ಲಿಗೆ ಒಂದು ಸಣ್ಣ ಕೊಳವೆ ಜೋಡಿಸಿ ಅದರ ಇನ್ನೊಂದು ತುದಿಯನ್ನು ಹೊಟ್ಟೆಯ ತಳದಲ್ಲಿಟ್ಟರೆ, ಯಂತ್ರ ಓಡಿದಷ್ಟು ಹೊತ್ತೂ ಒಳಗಿನ ನೀರು ತಾನಾಗಿ ಎಳೆಯಲ್ಪಡುತ್ತದೆ. ಸೀಸೆಯ ಔಷಧಿಯನ್ನು ಗಿಡಕ್ಕೆ ಚಿಮುಕಿಸುವ ಪಿಚಕಾರಿಯ ತತ್ತ್ವವೇ ಇದು. ಆದರೆ ಯಂತ್ರ ನಿಂತಾಗ ಅದೇ ಕೊಳವೆಯಿಂದ ನೀರು ಹಿಮ್ಮುಖವಾಗಿ ಒಳಗೆ ಬರಬಹುದು. ಅದಕ್ಕಾಗಿ ಕೊಳವೆಯನ್ನು ಎತ್ತರಕ್ಕೆ ಏರಿಸಿ, ತುತ್ತತುದಿಯಲ್ಲಿ ಸೂಜಿಯಷ್ಟು ತೂತು ಮಾಡಿರುತ್ತಾರೆ. ಗಾಳಿ ನುಗ್ಗಿ ಆ ಸೆಳೆತ ಕಡಿಯುತ್ತದೆ. ಆ ಪುಟ್ಟ ತೂತಿಗೆ ಮರಳು ಕಟ್ಟಿಕೊಂಡರೆ ಕಾಪಾಡುವ ಕೊಳವೆಯೇ ಮುಳುಗಿಸುವ ಕೊಳವೆಯಾಗುತ್ತದೆ. ಕೆಲವರು ಇದರ ಜೊತೆಗೆ ಬ್ಯಾಟರಿಯಿಂದ ನಡೆಯುವ ಬಿಲ್ಜ್ ಪಂಪನ್ನೂ ಇಡುತ್ತಾರೆ. ನಿಂತಾಗಲೂ ನೀರು ತೆಗೆಯುವುದು ಅದೊಂದೇ.

ಇಷ್ಟಾದರೂ ತುಂಬಿದರೆ? ಅದಕ್ಕೆ ಹೊಟ್ಟೆಯ ಬದಿಗಳಲ್ಲಿ ಫೋಮು ತುಂಬಿರುತ್ತಾರೆ. ನೀರು ತುಂಬಿದರೂ ಯಂತ್ರ ತಳ ಸೇರದು. ಕಾಹಿಲದಲ್ಲಿ ಇಲ್ಲದ ಗುಣ ಇದೇ. ಆದರೆ ಫೋಮು ವರ್ಷಗಟ್ಟಲೆ ತೇವದಲ್ಲಿದ್ದರೆ ತಾನೇ ನೀರು ಕುಡಿದು ಭಾರವಾಗುತ್ತದೆ. ಹಳೆಯ ಯಂತ್ರ ಕೊಳ್ಳುವವರು ಎತ್ತಿ ನೋಡಿ ತೂಕ ಅಂದಾಜು ಮಾಡುವುದು ಅದಕ್ಕಾಗಿ.

ಸೋರುವ ಜಾಗ ಹುಡುಕುವುದು ಹೇಗೆಂದು ಕೇಳಿದಾಗ ಅವನು ಹೇಳಿದ ಕ್ರಮ ಮೇಷ್ಟ್ರಿಗೆ ತಕ್ಕದ್ದು. ಹೊಟ್ಟೆಯನ್ನು ಪೂರ್ತಿ ಒರಸಿ ಒಣಗಿಸಿ, ಒಳಗೆಲ್ಲ ಸೀಮೆಸುಣ್ಣದ ಪುಡಿ ಉದುರಿಸಬೇಕು. ನೀರಿಗಿಳಿಸಿ ಸ್ವಲ್ಪ ಹೊತ್ತು ಬಿಡಬೇಕು. ಎಲ್ಲಿಂದ ಒದ್ದೆ ಗೆರೆ ಇಳಿದಿದೆಯೋ ಅಲ್ಲಿಯೇ ತೂತು. ಮರದ ದೋಣಿಗೂ ಇದು ಸಲ್ಲುತ್ತದೆ.

ಮನೆಗೆ ತಂದ ಮೇಲೆ

ಸಂಜೆ ಯಂತ್ರವನ್ನು ದಡಕ್ಕೆ ಎಳೆದ ಮೇಲೆ ಮಾಡುವ ಕೆಲಸವೇ ಹೆಚ್ಚಿನದು ಎಂದ. ಬಿರಡೆ ತೆಗೆದು, ಮೂತಿ ಎತ್ತಿ ಬಸಿಯಬೇಕು. ಎಷ್ಟು ನೀರು ಬಂತೆಂದು ನೋಡಬೇಕು. ನಿನ್ನೆ ಒಂದು ಲೋಟ, ಇಂದು ಒಂದು ಕೊಡ ಎಂದಾದರೆ ಏನೋ ಕೆಟ್ಟಿದೆ. ಉಪ್ಪನ್ನು ತೊಳೆಯಲು ಎಂಜಿನಿನೊಳಗೆ ಸಿಹಿನೀರು ಹಾಯಿಸುವಾಗ ಮೊದಲು ಎಂಜಿನು ಚಾಲೂ ಮಾಡಿ ಆಮೇಲೆ ನೀರು ಬಿಡಬೇಕು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನು. ಕ್ರಮ ತಪ್ಪಿದರೆ ತೊಳೆಯಲು ಬಿಟ್ಟ ನೀರೇ ಹೊಗೆಯ ಕೊಳವೆಯಿಂದ ಹಿಂದೆ ಹೋಗಿ ಎಂಜಿನನ್ನು ಕೊಲ್ಲುತ್ತದೆ. ಮಗುಚಿದ ಯಂತ್ರವನ್ನು ಎತ್ತುವಾಗಲೂ ಅದರ ಹಿಂಭಾಗದಲ್ಲಿ ಬರೆದ ಬಾಣದ ದಿಕ್ಕಿಗೇ ತಿರುಗಿಸಬೇಕು, ಕಾರಣ ಅದೇ. ಮುಚ್ಚಳವನ್ನು ಮುಚ್ಚಿಡದೆ ಗಾಳಿಯಾಡಲು ಬಿಡಬೇಕು. ಪುನಃ ಚಾಲೂ ಮಾಡುವ ಮುಂಚೆಯೂ ತೆರೆದು ಪೆಟ್ರೋಲಿನ ಆವಿಯನ್ನು ಹೊರಬಿಡಬೇಕು, ಇಲ್ಲವಾದರೆ ಒಂದು ಕಿಡಿ ಸಾಕು.

ಇದನ್ನೆಲ್ಲ ಕೇಳುತ್ತ ನಮಗೆ ಡಿಗ್ರಜದ ಮುದುಕರ ಕೈ ಕಣ್ಣಿಗೆ ಕಟ್ಟಿತು. ನಮ್ಮ ಕರಾವಳಿಯವರೂ ಇದನ್ನು ಬಲ್ಲವರೇ. ಹಲಗೆಯ ಸಂದಿಗೆ ತೆಂಗಿನ ನಾರು, ಹತ್ತಿ ತುಂಬಿ ಧೂಪದ ಮರದ ರಾಳ ಹಚ್ಚುವುದು, ಮೀನೆಣ್ಣೆಯನ್ನೋ ಗೇರು ಸಿಪ್ಪೆಯ ಎಣ್ಣೆಯನ್ನೋ ಬಳಿಯುವುದು ನಮ್ಮ ಹಿರಿಯರ ರೂಢಿ. ತುಂಗಭದ್ರೆಯ ಹರಿಗೋಲಿನ ಹೊರಮೈಗೆ ಡಾಂಬರು ಹಚ್ಚುವುದೂ ಅದೇ ವಿದ್ಯೆ. ಫೈಬರ್ ಬಂದ ಮೇಲೆ ಸಂದಿಗಳು ಕಡಿಮೆಯಾದವು. ಅದರೊಂದಿಗೆ ನೋಡುವ ಅಭ್ಯಾಸವೂ ಕಡಿಮೆಯಾಯಿತು. ಇದು ಒಳ್ಳೆಯದಲ್ಲ.

ನಮ್ಮ ಕಡವಿನ ಮಾತು

ನಾವು ಶಾಲೆಗೆ ಹೋಗುವ ಕಾಲದಲ್ಲಿ ಹೊಳೆ ದಾಟಲು ಕಡವಿನ ದೋಣಿಯೇ ಗತಿ. ಆ ದೋಣಿ ಸೋರುತ್ತಿತ್ತು. ದೋಣಿಯವನು ನಮ್ಮ ಕೈಗೆ ತೆಂಗಿನ ಚಿಪ್ಪು ಕೊಟ್ಟು ನೀರು ಎತ್ತಿ ಹಾಕಲು ಹೇಳುತ್ತಿದ್ದ. ಎತ್ತಿದವರಿಗೆ ದಾಟುವ ಕೂಲಿ ಇಲ್ಲ. ನಮಗೆ ಅದು ಆಟ. ಒಂದು ಆಷಾಢದ ಬೆಳಗ್ಗೆ ನಡುಹೊಳೆಯಲ್ಲಿ ಎತ್ತಿದಷ್ಟೂ ನೀರು ಏರತೊಡಗಿತು. ಪುಸ್ತಕದ ಚೀಲ ತೇಲಿತು. ಹೇಗೋ ಬಳ್ಳಿ ಹಿಡಿದು ದಡ ಸೇರಿದೆವು. ಮನೆಯಲ್ಲಿ ಹೇಳಲಿಲ್ಲ; ಹೇಳಿದ್ದರೆ ಶಾಲೆ ಬಿಡಿಸುತ್ತಿದ್ದರು. ಮರುದಿನವೂ ಅದೇ ದೋಣಿ, ಅದೇ ಚಿಪ್ಪು. ಅಂದು ಯಾರೂ ಸಾಯಲಿಲ್ಲ ಎಂಬ ಒಂದೇ ಕಾರಣಕ್ಕೆ ಆ ದೋಣಿಯನ್ನು ಯಾರೂ ರಿಪೇರಿ ಮಾಡಲಿಲ್ಲ.

ಎಲ್ಲರ ಅದೃಷ್ಟವೂ ಹಾಗಿರುವುದಿಲ್ಲ. ಡಿಗ್ರಜದಿಂದ ಮೇಲ್ದಂಡೆಗೆ, ಯೇರಳಾ ನದಿ ಕೃಷ್ಣೆಯನ್ನು ಕೂಡುವಲ್ಲಿ ಬ್ರಹ್ಮನಾಳ ಎಂಬ ಹಳ್ಳಿಯಿದೆ. 2019ರ ಆಗಸ್ಟ್ 8ರಂದು ನೆರೆಯಿಂದ ಜನರನ್ನು ಸಾಗಿಸುತ್ತಿದ್ದ ದೋಣಿ ಅಲ್ಲಿ ಮಗುಚಿತು. ಅದರಲ್ಲಿ ಮೂವತ್ತರಷ್ಟು ಜನರಿದ್ದರೆಂದು ಆಗ ವರದಿಯಾಗಿತ್ತು. ಸತ್ತವರು ಹನ್ನೆರಡಕ್ಕೂ ಹೆಚ್ಚು ಮಂದಿ, ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಅಲ್ಲಿ ನಡೆದದ್ದು ಸೋರುವ ದೋಣಿಯ ಕಥೆಯೆಂದು ನಾವು ಹೇಳುತ್ತಿಲ್ಲ. ಆದರೆ ಹೆಚ್ಚು ಜನ ಹತ್ತಿದ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ, ಆಗ ಹೊರಗಿನ ನೀರಿಗೆ ತೂತೇ ಬೇಕಾಗಿಲ್ಲ. ದೋಣಿಯ ಅಂಚು ನೀರಿನಿಂದ ಎಷ್ಟು ಎತ್ತರವಿದೆ ಎಂಬುದೂ ನೀರನ್ನು ಹೊರಗಿಡುವ ವಿದ್ಯೆಯ ಒಂದು ಪಾಠವೇ.

ಚಂದ್ರಗಿರಿ, ಶಿರಿಯ, ಮೊಗ್ರಾಲ್, ಕುಂಬಳೆ, ಉಪ್ಪಳ ಹೊಳೆಗಳ ಬದಿಯ ನಮ್ಮ ಕುಟುಂಬಗಳಿಗೆ ಒಂದು ವಿನಂತಿ. ಸೇತುವೆಗಳಾದವು, ಕಡವುಗಳು ನಿಂತವು, ನಿಜ. ಆದರೂ ಸೋಗೆ ತರಲು, ಮೀನಿಗೆ, ಮರಳಿದಿಣ್ಣೆಯಾಚೆಯ ತೋಟಕ್ಕೆ ಹೋಗಲು ಇಂದಿಗೂ ದೋಣಿಗಳಿವೆ. ನೆರೆ ಬಂದ ದಿನ ಮೊದಲು ಸಿಗುವುದು ಅವೇ. ಮೇ ತಿಂಗಳಲ್ಲಿ ಒಂದು ಭಾನುವಾರ ಮನೆಮಂದಿಯೆಲ್ಲ ಸೇರಿ ದೋಣಿಯನ್ನು ಮಗುಚಿ ನೋಡಿ. ಮರದ್ದಾದರೆ ಸಂದಿ ತುಂಬಿ, ಎಣ್ಣೆ ಬಳಿದು, ಮಳೆಗೆ ಮುಂಚೆ ಎರಡು ದಿನ ನೀರಿನಲ್ಲಿ ಕಟ್ಟಿಡಿ. ಫೈಬರಿನದ್ದಾದರೆ ಬಿರುಕು, ಬೋಲ್ಟು, ಬಿರಡೆ ನೋಡಿ. ಬಿರಡೆಯನ್ನು ಹಗ್ಗದಿಂದ ದೋಣಿಗೇ ಕಟ್ಟಿ. ಇಕ್ಕಡೆಯ ಹಲಗೆಯ ಕೆಳಗೆ ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನುಗಳನ್ನು ಭದ್ರವಾಗಿ ಕಟ್ಟಿದರೆ ಬಡವರ ಫೋಮು ಅದೇ. ಎಷ್ಟು ಜನ ಎಂಬುದನ್ನು ಬಣ್ಣದಲ್ಲಿ ಬರೆದಿಡಿ. ಹತ್ತುವವರಿಗೆ ತೇಲುವ ಅಂಗಿ ಇರಲಿ.

ಮತ್ತು ಒಂದು ತೆಂಗಿನ ಚಿಪ್ಪೂ ಇರಲಿ, ಆದರೆ ಅದನ್ನು ಮಕ್ಕಳ ಕೈಗೆ ಕೊಡಬೇಡಿ. ದೋಣಿಯಲ್ಲಿ ಕುಳಿತ ಮಗು ನೀರು ಎತ್ತುವ ಕೆಲಸ ಮಾಡಬೇಕಾಗಿ ಬಂದರೆ, ದಡದಲ್ಲಿದ್ದ ದೊಡ್ಡವರು ತಮ್ಮ ಕೆಲಸ ಮಾಡಿಲ್ಲ ಎಂದೇ ಅರ್ಥ.